ಗುಂಪು ತರಗತಿಯಲ್ಲಿ ನಾರ್ಡಿಕ್ ವಾಕಿಂಗ್ ತಿದ್ದಿಕೊಳ್ಳುವ ಬಗೆ

ಫಿನ್‌ಲೆಂಡಿನ ಸ್ಕೀ ಪಟುಗಳು ಹಿಮವಿಲ್ಲದ ಬೇಸಿಗೆಯಲ್ಲಿಯೂ ಅಭ್ಯಾಸ ತಪ್ಪಬಾರದೆಂದು ಕೋಲು ಹಿಡಿದು ಗುಡ್ಡ ಹತ್ತುವ ರೂಢಿ ಇಟ್ಟುಕೊಂಡಿದ್ದರು. 1997ರಲ್ಲಿ ನಡಿಗೆಗೆಂದೇ ರೂಪಿಸಿದ ಕೋಲುಗಳು ಅಲ್ಲಿನ ಮಾರುಕಟ್ಟೆಗೆ ಬಂದ ಮೇಲೆ ಆ ರೂಢಿ, ಎರಡೂ ಕೈಯಲ್ಲಿ ಕೋಲು ಹಿಡಿದು ನಡೆಯುವ ನಾರ್ಡಿಕ್ ವಾಕಿಂಗ್ ಆಗಿ, ಎಲ್ಲ ವಯಸ್ಸಿನವರ ವ್ಯಾಯಾಮವಾಗಿ ಹರಡಿತು. ಹೆಲ್ಸಿಂಕಿಯ ಪಲೊಹೆಯ್ನಾದ ಕಾಡುಹಾದಿಗಳಲ್ಲಿ ಇಂದು ಕೋಲು ಹಿಡಿದು ನಡೆಯುವವರು ಸಾಮಾನ್ಯ. ಆದರೆ ಒಬ್ಬರೇ ಕಲಿತವರಲ್ಲಿ ಬಹಳ ಮಂದಿ ಕೋಲನ್ನು ಊರುಗೋಲಿನಂತೆ ದೇಹದ ಮುಂದೆ ಊರುತ್ತಾರೆ. ಹಾಗೆ ಮಾಡಿದರೆ ದೇಹವನ್ನು ಮುಂದಕ್ಕೆ ತಳ್ಳಬೇಕಾದ ತೋಳು ಮತ್ತು ಬೆನ್ನಿನ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಸೊಂಟದ ಹಿಂದೆ ತನ್ನ ಕೈ ಏನು ಮಾಡುತ್ತಿದೆ ಎಂಬುದು ನಡೆಯುವವರಿಗೆ ಕಾಣುವುದಿಲ್ಲವಾದ್ದರಿಂದ, ಈ ದೋಷವನ್ನು ತಿದ್ದಲು ಪಕ್ಕದಿಂದ ನೋಡುವ ಇನ್ನೊಬ್ಬರ ಕಣ್ಣು ಬೇಕೇ ಬೇಕು.

ಮೊದಲ ತರಗತಿಗೆ ಮುನ್ನ ಕೋಲು ಕೊಳ್ಳುವ ಆತುರ ಬೇಡ. ತರಬೇತುದಾರರ ಬಳಿ ಬೇರೆ ಬೇರೆ ಅಳತೆಯ ಕೋಲುಗಳು ಇವೆಯೇ ಎಂದು ವಿಚಾರಿಸಿ, ಇದ್ದರೆ ಅವುಗಳಲ್ಲೇ ನಡೆದು ನೋಡಿ. ಎತ್ತರವನ್ನು 0.68ರಿಂದ ಗುಣಿಸುವುದು ರೂಢಿಯಲ್ಲಿರುವ ಲೆಕ್ಕ. 170 ಸೆಂಟಿಮೀಟರ್ ಎತ್ತರದವರಿಗೆ ಸುಮಾರು 115 ಸೆಂಟಿಮೀಟರ್ ಕೋಲು ಸರಿಹೋಗುತ್ತದೆ. ಎರಡು ಅಳತೆಗಳ ನಡುವೆ ಸಂದೇಹ ಬಂದರೆ ಹೊಸಬರು ಚಿಕ್ಕದನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಉದ್ದದ ಕೋಲು ಭುಜವನ್ನು ಮೇಲಕ್ಕೆತ್ತಿಸುತ್ತದೆ. ಕೋಲಿನ ಹಿಡಿಗೆ ಜೋಡಿಸಿರುವ ಕೈಪಟ್ಟಿಗಳಲ್ಲಿ ಎಡ ಬಲದ ಗುರುತಿರುತ್ತದೆ. ಪಟ್ಟಿ ಅಂಗೈಗೆ ಬಿಗಿಯಾಗಿ ಕೂತಿರಬೇಕು, ಬೆರಳುಗಳಿಗೆ ನೋವಾಗಬಾರದು.

ಒಳ್ಳೆಯ ತರಗತಿಯಲ್ಲಿ ಮೊದಲೇ ಕೋಲು ಊರಲು ಹೇಳುವುದಿಲ್ಲ. ಕೋಲುಗಳನ್ನು ನಡುವಿನಲ್ಲಿ ಹಿಡಿದು, ನೆಲಕ್ಕೆ ತಾಗಿಸದೆ ಸಹಜವಾಗಿ ನಡೆಯುವುದು ಆರಂಭದ ಹಂತ. ಆನಂತರ ಕೈಪಟ್ಟಿ ತೊಟ್ಟು, ಹಿಡಿಯನ್ನು ಬಿಟ್ಟು, ಕೋಲುಗಳನ್ನು ಹಿಂದೆ ಎಳೆದುಕೊಂಡೇ ಹೋಗಬೇಕು. ಈ ಹಂತ ಕೆಲಸಕ್ಕೆ ಬಾರದ್ದೆಂದು ಕೆಲವರಿಗೆ ತೋರುತ್ತದೆ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ಕಲಿಕೆಯಲ್ಲಿ ಇದಕ್ಕಿಂತ ಮುಖ್ಯವಾದುದಿಲ್ಲ: ಬಲಗಾಲಿನೊಂದಿಗೆ ಎಡಗೈ, ಎಡಗಾಲಿನೊಂದಿಗೆ ಬಲಗೈ ಮುಂದೆ ಬರುವ ಸಹಜ ಲಯ ಇಲ್ಲಿಯೇ ಮೈಗೂಡುತ್ತದೆ, ಕೋಲು ಹಿಂದಕ್ಕೆ ವಾಲಿಯೇ ಇರಬೇಕೆಂಬುದು ಕೈಗೆ ತಾನಾಗಿ ತಿಳಿಯುತ್ತದೆ. ಲಯ ಕೂತ ಮೇಲೆ ಕೈ ಮುಂದೆ ಬಂದಾಗ ಹಿಡಿಯನ್ನು ಹಗುರವಾಗಿ ಹಿಡಿದು ಮೊನೆಯನ್ನು ನೆಲಕ್ಕೆ ಒತ್ತಬೇಕು. ಆ ಒತ್ತಡವನ್ನು ಸೊಂಟ ದಾಟುವವರೆಗೂ ಮುಂದುವರಿಸಿ, ತೋಳು ಹಿಂದಕ್ಕೆ ಚಾಚಿಕೊಂಡಾಗ ಬೆರಳುಗಳನ್ನು ಬಿಡಿಸಬೇಕು. ಕೋಲು ಬೀಳದಂತೆ ಕೈಪಟ್ಟಿ ನೋಡಿಕೊಳ್ಳುತ್ತದೆ. ನಡುವೆ ಎಲ್ಲಿಯಾದರೂ ಒಂದೇ ಬದಿಯ ಕೈಕಾಲು ಜೊತೆಯಾಗಿ ಹೊರಟರೆ, ಯೋಚಿಸಿ ತಿದ್ದಲು ಹೋಗದೆ ಮತ್ತೆ ಕೋಲು ಎಳೆಯುವ ಹಂತಕ್ಕೆ ಹಿಂದಿರುಗಿ.

ಇಬ್ಬರು ಸೇರಿ ಮಾಡುವ ಒಂದು ಅಭ್ಯಾಸ ಒಂಟಿಯಾಗಿ ಸಾಧ್ಯವೇ ಇಲ್ಲ. ಒಬ್ಬರ ಹಿಂದೆ ಒಬ್ಬರು ನಿಂತು, ಎರಡು ಕೋಲುಗಳ ಮುಂತುದಿಯನ್ನು ಮುಂದಿನವರೂ ಹಿಂತುದಿಯನ್ನು ಹಿಂದಿನವರೂ ಹಿಡಿದು ಹೆಜ್ಜೆ ಹಾಕಬೇಕು. ಮುಂದಿನವರು ಭುಜದಿಂದ ತೋಳು ಬೀಸಿದರೆ ಅದರ ವಿಸ್ತಾರ ಹಿಂದಿನವರ ಕೈಗೆ ನೇರವಾಗಿ ತಲುಪುತ್ತದೆ, ಮೊಣಕೈಯಿಂದಷ್ಟೇ ಬೀಸುತ್ತಿದ್ದರೆ ಅದೂ ಕೂಡಲೇ ತಿಳಿಯುತ್ತದೆ. ಅನುಭವಿಗಳು ಮುಂದಿರಲಿ, ಕೆಲಹೊತ್ತಿನ ಮೇಲೆ ಸ್ಥಾನ ಬದಲಾಯಿಸಿಕೊಳ್ಳಿ. ಇನ್ನೊಬ್ಬರ ಮೊಬೈಲಿನಲ್ಲಿ ಪಕ್ಕದಿಂದ ಚಿಕ್ಕದೊಂದು ವಿಡಿಯೊ ತೆಗೆಸಿಕೊಂಡು, ಮೊನೆ ಎಲ್ಲಿ ನೆಲಕ್ಕೆ ತಾಗುತ್ತಿದೆ, ಕೈ ಸೊಂಟವನ್ನು ದಾಟುತ್ತಿದೆಯೇ ಎಂಬ ಎರಡನ್ನು ಮಾತ್ರ ಗಮನಿಸಿ.

ಏರಿನಲ್ಲಿ ದೇಹವನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ಹೆಚ್ಚು ಬಲವಾಗಿ ತಳ್ಳಬೇಕು. ಇಳಿಜಾರಿನಲ್ಲಿ ಮೊಣಕಾಲು ಸಡಿಲವಾಗಿಸಿ ಹೆಜ್ಜೆಯನ್ನು ಚಿಕ್ಕದಾಗಿಸಬೇಕು.

ಗುಂಪಿಗೆ ಅದರದೇ ಅಪಾಯಗಳೂ ಇವೆ. ಮುಂದಿನವರ ವೇಗಕ್ಕೆ ಸರಿಗಟ್ಟಲು ಹೊರಟರೆ ಮೊದಲು ಕೆಡುವುದು ಹಿಂಬದಿಯ ತಳ್ಳುವಿಕೆ, ಆದ್ದರಿಂದ ಹಿಂದುಳಿದರೂ ಪರವಾಗಿಲ್ಲವೆಂದು ನಿಮ್ಮ ಲಯವನ್ನೇ ಉಳಿಸಿಕೊಳ್ಳಿ. ಮುಂದಿರುವವರ ಕೋಲಿನ ಮೊನೆ ಹಿಂದಕ್ಕೆ ಚಾಚಿರುವುದರಿಂದ ಎರಡು ಕೋಲಿನಷ್ಟಾದರೂ ಅಂತರ ಬಿಡಿ. ಭುಜ, ಮಣಿಕಟ್ಟು ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಬರುವುದಲ್ಲದೆ ತರಬೇತುದಾರರಿಗೂ ಮೊದಲೇ ತಿಳಿಸಬೇಕು.

ತರಗತಿ ಮುಗಿಯುವಾಗ ನಿಮಗಾಗಿ ಒಂದೇ ಒಂದು ತಿದ್ದುಪಡಿಯನ್ನು ತರಬೇತುದಾರರಿಂದ ಕೇಳಿ ಪಡೆಯಿರಿ. ಮುಂದಿನ ತರಗತಿಯವರೆಗೆ ಪ್ರತಿ ನಡಿಗೆಯ ಮೊದಲ ಹತ್ತು ನಿಮಿಷ ಅದಕ್ಕೇ ಮೀಸಲಿರಲಿ, ಉಳಿದ ಹೊತ್ತು ಅದನ್ನು ಮರೆತು ನಡೆಯಿರಿ. ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುವವರು ಮೊನೆಗೆ ರಬ್ಬರ್ ಟೋಪಿ ಹಾಕಿಕೊಳ್ಳಬೇಕು, ಅದು ಸವೆದು ಜಾರತೊಡಗಿದ ಕೂಡಲೇ ಬದಲಾಯಿಸಬೇಕು.