ಮೊಬೈಲ್ ಪಂಚಾಂಗ ನೋಡಿ ತಿಥಿ ನಿರ್ಣಯ: ಹಾಸನದಲ್ಲಿ ನಾನು ಮಾಡುವ ರೀತಿ

ದೇವಸ್ಥಾನದ ತಿಂಗಳ ಪೂಜಾಪಟ್ಟಿಯನ್ನು ಈಗ ಮೊಬೈಲ್ ಆ್ಯಪ್ ನೋಡಿಯೇ ಬರೆಯುತ್ತೇನೆ. ಗಣಿತ ಅದಕ್ಕೆ ಬಿಟ್ಟಿದ್ದೇನೆ, ನಿರ್ಣಯ ಬಿಟ್ಟಿಲ್ಲ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಊರು ಬದಲಿಸಬೇಕು. ಹೊಸದಾಗಿ ಹಾಕಿಕೊಂಡಾಗ ದೆಹಲಿಯೋ ಉಜ್ಜಯಿನಿಯೋ ಇರುವುದುಂಟು. ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಹಾಸನ ಇರುವುದು 76.1ರಲ್ಲಿ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 26 ನಿಮಿಷ ತಡ. ಊರು ಎಷ್ಟು ಉತ್ತರಕ್ಕಿದೆ ಎಂಬುದರ ಮೇಲೂ ಸೂರ್ಯೋದಯ ಬದಲಾಗುತ್ತದೆ. ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯೋದಯ 6:50ರ ಸುಮಾರಿಗೆ, ದೆಹಲಿಯಲ್ಲಿ 7:15ಕ್ಕೆ. ಸೂರ್ಯೋದಯದಲ್ಲಿ ಇರುವುದೇ ದಿನದ ತಿಥಿ, ಹಾಗಾಗಿ ದಶಮಿ 7 ಗಂಟೆಗೆ ಮುಗಿದರೆ ನಮಗೆ ಆ ದಿನ ದಶಮಿ, ದೆಹಲಿಗೆ ಏಕಾದಶಿ. ಉಪವಾಸವೇ ಒಂದು ದಿನ ಹಿಂದುಮುಂದು!

ಆಮೇಲೆ ಅಮಾಂತ ಮಾಸ, ಅಂದರೆ ಅಮಾವಾಸ್ಯೆಗೆ ಮುಗಿಯುವ ತಿಂಗಳು, ಆರಿಸಬೇಕು. ಪೂರ್ಣಿಮಾಂತ ಹುಣ್ಣಿಮೆಗೆ ಮುಗಿಯುವುದು. ಶುಕ್ಲಪಕ್ಷದಲ್ಲಿ ಅಮಾಂತ, ಪೂರ್ಣಿಮಾಂತ ಎರಡರ ತಿಂಗಳೂ ಒಂದೇ, ಹಾಗಾಗಿ ಆಗ ನೋಡಿದರೆ ತಪ್ಪು ಸಿಗುವುದೇ ಇಲ್ಲ. ಬಹುಳದಲ್ಲಿ ನೋಡಿ. ಹಾಸನಾಂಬೆಯ ಬಾಗಿಲು ತೆಗೆಯುವುದು ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ನಮಗೆ ಅದಿನ್ನೂ ಆಶ್ವಯುಜ ಬಹುಳ, ಪೂರ್ಣಿಮಾಂತದಲ್ಲಿ ಆಗಲೇ ಕಾರ್ತಿಕ. ಆ್ಯಪ್ ನೋಡಿ ಸಂಕಲ್ಪ ಹೇಳುವವರು ಎಡವುವುದು ಇಲ್ಲೇ.

ಇನ್ನು ಪರದೆಯ ಮೇಲೆ ದೊಡ್ಡಕ್ಷರದಲ್ಲಿರುವ ತಿಥಿ. ಅದು ಸೂರ್ಯೋದಯದ್ದು ಮಾತ್ರ, ಎಲ್ಲ ಕರ್ಮಕ್ಕೂ ಅದು ಆಗುವುದಿಲ್ಲ. ಸಂಕಷ್ಟಿಗೆ ಚಂದ್ರೋದಯದಲ್ಲಿ ಚೌತಿ ಇರಬೇಕು. ಶ್ರಾದ್ಧಕ್ಕೆ ಅಪರಾಹ್ನ, ಅಂದರೆ ಹಗಲನ್ನು ಐದು ಭಾಗ ಮಾಡಿದಾಗ ನಾಲ್ಕನೆಯದು. 6:25ಕ್ಕೆ ಹುಟ್ಟಿ 6:25ಕ್ಕೆ ಮುಳುಗುವ ದಿನ ಒಂದೊಂದು ಭಾಗ 2 ಗಂಟೆ 24 ನಿಮಿಷ, ಅಪರಾಹ್ನ 1:37ರಿಂದ 4:01. ಬೆಳಗ್ಗೆ 10ಕ್ಕೆ ಚೌತಿ ಮುಗಿದು ಮಾರನೆ ದಿನ 11ರವರೆಗೆ ಪಂಚಮಿ ಇದ್ದರೆ, ಪಂಚಮಿಯ ಶ್ರಾದ್ಧ ಇವತ್ತೇ. ಆ್ಯಪ್ ಮಾತ್ರ ಇವತ್ತು ಚೌತಿ, ನಾಳೆ ಪಂಚಮಿ ಎನ್ನುತ್ತಿರುತ್ತದೆ. ಎರಡೂ ದಿನ ಅಪರಾಹ್ನಕ್ಕೆ ತಾಗಿದರೆ ಮನೆಯ ಪುರೋಹಿತರನ್ನೇ ಕೇಳಿ ಎನ್ನುತ್ತೇನೆ.

ಏಕಾದಶಿಗೆ ಪಟ್ಟಿಯಲ್ಲಿ ಸ್ಮಾರ್ತರಿಗೊಂದು, ವೈಷ್ಣವರಿಗೊಂದು ಎಂದು ಎರಡು ಸಾಲು ಇಡುತ್ತೇನೆ. ಅರುಣೋದಯ ಎಂದರೆ ಸೂರ್ಯೋದಯಕ್ಕೆ 4 ಗಳಿಗೆ, ಅಂದರೆ 96 ನಿಮಿಷ ಮೊದಲು. 6:50ರ ಸೂರ್ಯೋದಯಕ್ಕೆ 5:14. ಆ ಹೊತ್ತಿಗೂ ದಶಮಿ ಉಳಿದಿದ್ದರೆ ವೈಷ್ಣವರು ಉಪವಾಸವನ್ನು ಮಾರನೆ ದಿನಕ್ಕೆ ಹಾಕುತ್ತಾರೆ.

ಅಚ್ಚಿನ ಪಂಚಾಂಗಕ್ಕೂ ಆ್ಯಪ್‌ಗೂ ತಾಳೆ ಬೀಳದಿದ್ದರೆ ಯಾವುದನ್ನೂ ಬೈಯಬೇಡಿ. ಒಂದು ಸೂರ್ಯಸಿದ್ಧಾಂತದ್ದು (ಹಳೆಯ ಗ್ರಂಥದ ಲೆಕ್ಕ), ಇನ್ನೊಂದು ದೃಗ್ಗಣಿತದ್ದು (ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ಲೆಕ್ಕ) ಇದ್ದೀತು. ತಿಥಿಯ ಕೊನೆ ಕೆಲವು ಗಂಟೆಗಳಷ್ಟೇ ಆಚೀಚೆ ಆಗುತ್ತದೆ. ದೇವಸ್ಥಾನ ಯಾವ ಮಠದ ಪಂಚಾಂಗ ನಂಬಿದೆಯೋ ಅದೇ ವರ್ಷವಿಡೀ ನಡೆಯಲಿ. ಹಬ್ಬಕ್ಕೊಂದು ಲೆಕ್ಕ, ವ್ರತಕ್ಕೊಂದು ಲೆಕ್ಕ ಹಿಡಿದರೆ ಕೆಟ್ಟಿತು. ಅಚ್ಚಿನ ಪಂಚಾಂಗದಲ್ಲಿ ತಿಥಿಯ ಕೊನೆ ಗಳಿಗೆಯಲ್ಲಿದ್ದರೆ ಅದನ್ನು 24 ನಿಮಿಷದಿಂದ ಗುಣಿಸಿ ಸೂರ್ಯೋದಯಕ್ಕೆ ಕೂಡಿ: 12 ಗಳಿಗೆ 30 ವಿಗಳಿಗೆಗೆ (60 ವಿಗಳಿಗೆ ಒಂದು ಗಳಿಗೆ) 5 ಗಂಟೆ.

ಅಪ್‌ಡೇಟ್ ಆದ ಮೇಲೆ ಊರು ಮತ್ತೆ ದೆಹಲಿಗೆ ಹಾರಿರುವುದೂ ಉಂಟು. ಪಟ್ಟಿಯನ್ನು ವಾಟ್ಸಾಪ್‌ಗೆ ಹಾಕುವ ಮುನ್ನ ಸೂರ್ಯೋದಯ ನೋಡುತ್ತೇನೆ. ಜೂನ್ ಕೊನೆಗೆ 6 ಗಂಟೆಯ ಆಸುಪಾಸು ಇರಬೇಕು, ಐದೂವರೆ ಕಂಡರೆ ಊರು ತಪ್ಪಿದೆ.