ಮರುದಿನ ನೋಡಬಲ್ಲಷ್ಟೇ ಹೋಂವರ್ಕ್

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಮತ್ತು ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಹೋಂವರ್ಕ್ ಬೇಕೇ ಎಂದು ಕೇಳಿದವರಿಗೆ, ಮರುದಿನ ಬೆಳಿಗ್ಗೆ ಶಿಕ್ಷಕರು ಕಣ್ಣಿಟ್ಟು ನೋಡಬಲ್ಲಷ್ಟು ಮಾತ್ರ ಬೇಕು ಎಂದು ಹೇಳುತ್ತೇನೆ. ಈ ಅಳತೆಗೆ ನಾನು ಬಂದದ್ದು ಕಳೆಯುವ ಲೆಕ್ಕದಿಂದ.

503ರಲ್ಲಿ 267 ಕಳೆಯಲು ಕೊಟ್ಟರೆ ನಾಲ್ಕನೆಯ ತರಗತಿಯ ಹಲವು ಮಕ್ಕಳು 364 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆಯಬೇಕು ಎಂಬ ತಮ್ಮದೇ ನಿಯಮವನ್ನು ಆ ಮಕ್ಕಳು ಚಾಚೂ ತಪ್ಪದೆ ಪಾಲಿಸಿರುತ್ತಾರೆ. ಹತ್ತರ ಸ್ಥಾನದಲ್ಲಿ ಸೊನ್ನೆ ಇರುವಾಗ ನೂರರಿಂದ ಎರವಲು ತರಬೇಕೆಂಬುದು ಅವರಿಗೆ ಹೊಳೆದಿರುವುದಿಲ್ಲ. ಅಂಥ ಮಗುವಿಗೆ ಇಪ್ಪತ್ತು ಲೆಕ್ಕಗಳ ಹೋಂವರ್ಕ್ ಕೊಟ್ಟು ಕಳುಹಿಸಿದರೆ, ಅದು ತಪ್ಪು ನಿಯಮವನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿ, 236 ಎಂಬ ಸರಿಯುತ್ತರದಿಂದ ಇನ್ನಷ್ಟು ದೂರ ಹೋಗಿ ಮರಳುತ್ತದೆ. ಪುಟದ ಕೆಳಗೆ ಕೆಂಪು ಶಾಯಿಯ ಸಹಿಯೊಂದನ್ನು ಹಾಕಿ ನೋಟ್‌ಬುಕ್ ಹಿಂದಿರುಗಿಸಿದರಂತೂ ತಪ್ಪಿಗೆ ಮುದ್ರೆ ಒತ್ತಿದಂತೆಯೇ.

ಆದ್ದರಿಂದ ಗಣಿತದಲ್ಲಿ ನಾನು ನಾಲ್ಕೇ ಲೆಕ್ಕ ಕೊಡುತ್ತೇನೆ: ಎರಡು ಆ ದಿನದ ಪಾಠದವು, ಒಂದು ಹಿಂದಿನ ವಾರದ್ದು, ಇನ್ನೊಂದು ಹಿಂದಿನ ತಿಂಗಳದ್ದು. ಮರೆಯತೊಡಗಿದ್ದನ್ನು ಮತ್ತೆ ನೆನಪಿಗೆ ತಂದುಕೊಳ್ಳುವ ಶ್ರಮದಲ್ಲಿಯೇ ಕಲಿಕೆ ಗಟ್ಟಿಯಾಗುವುದರಿಂದ, ಹಳೆಯ ಲೆಕ್ಕಗಳೇ ಈ ನಾಲ್ಕರಲ್ಲಿ ಹೆಚ್ಚು ಬೆಲೆಯವು ಎಂದು ನನಗೆ ಅನಿಸಿದೆ. ಮೊದಲ ಲೆಕ್ಕವನ್ನು ಮಕ್ಕಳು ಗಂಟೆ ಹೊಡೆಯುವ ಮುನ್ನ ತರಗತಿಯಲ್ಲೇ ಮಾಡಬೇಕು. ಅಲ್ಲಿ ತೊಡಕಿದವರು ಮನೆಯಲ್ಲಿ ಖಂಡಿತ ತೊಡಕುತ್ತಾರೆ, ಏಕೆಂದರೆ ಅಲ್ಲಿ ಕೇಳಲು ಯಾರೂ ಇರುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಾನು ನಲವತ್ತರಷ್ಟು ನೋಟ್‌ಬುಕ್‌ಗಳಲ್ಲಿ ಒಂದೇ ಒಂದು ಲೆಕ್ಕವನ್ನು ನೋಡಿ, ಸರಿಯಾದವು, ಕೂಡುವಾಗ ಕಳೆಯುವಾಗ ಕೈತಪ್ಪಿದವು, ತಿಳಿಯದೇ ಮಾಡಿದವು ಎಂದು ಮೂರು ಗುಂಪು ಮಾಡುತ್ತೇನೆ. ಮೊದಲ ಅವಧಿಯ ಆರಂಭದ ಹತ್ತು ನಿಮಿಷ ಮೂರನೆಯ ಗುಂಪಿನ ಮಕ್ಕಳಿಗೆ ಮೀಸಲು. ಉಳಿದ ಲೆಕ್ಕಗಳನ್ನು ಮಕ್ಕಳೇ ನೋಟ್‌ಬುಕ್ ಅದಲುಬದಲು ಮಾಡಿಕೊಂಡು, ಕರಿಹಲಗೆ ನೋಡಿ ತಿದ್ದುತ್ತಾರೆ. ಫಲ ಸಿಗುತ್ತಿರುವುದು ರಾತ್ರಿಯ ಲೆಕ್ಕದಿಂದಲೋ ಬೆಳಗಿನ ಹತ್ತು ನಿಮಿಷದಿಂದಲೋ ಎಂದು ಕೇಳಿದರೆ, ಎರಡನೆಯದರಿಂದ ಎಂದೇ ನಾನು ಹೇಳುತ್ತೇನೆ.

ಪ್ರಶ್ನೋತ್ತರಗಳನ್ನು ಎರಡು ಸಲ ನಕಲು ಮಾಡಿ ತರುವ ಕೆಲಸವನ್ನು ಕನ್ನಡದಲ್ಲಿ ಪೂರ್ತಿ ನಿಲ್ಲಿಸಿದ್ದೇನೆ. ಅದರ ಬದಲು ಮನೆಯಲ್ಲಿ ಯಾರಿಗಾದರೂ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಬೇಕು; ಕೇಳುವವರಿಗೆ ಓದು ಬರಹ ಬರಬೇಕೆಂದಿಲ್ಲ. ನಮ್ಮ ತರಗತಿಯಲ್ಲಿ ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಕೆಲವರ ಮನೆಮಾತು ಉರ್ದು. ತಂದೆತಾಯಿಗಳ ಅಕ್ಷರಜ್ಞಾನವನ್ನು ನೆಚ್ಚಿಕೊಂಡ ಹೋಂವರ್ಕ್ ಇಂಥ ತರಗತಿಯನ್ನು ಎರಡಾಗಿ ಸೀಳುತ್ತದೆ. ಅವರಿಗೆ ಗೊತ್ತಿರುವುದನ್ನೇ ಕೇಳುವ ಪ್ರಶ್ನೆ ಬೇರೆ ಬಗೆಯದು: ಅವ್ವ ಇಂದು ಎಷ್ಟು ಕಿಲೋ ಹತ್ತಿ ಬಿಡಿಸಿದಳು, ಕಿಲೋಗೆ ಎಷ್ಟು ಕೂಲಿ, ವಾರಕ್ಕೆ ಎಷ್ಟಾಯಿತು? ಈ ಲೆಕ್ಕವನ್ನು ಮಾಡದೆ ಬಂದ ಮಗುವನ್ನು ನಾನು ಕಂಡದ್ದು ಕಡಿಮೆ. ಕೂಲಿ ಕೊಡುವಾಗ ಆದ ತಪ್ಪನ್ನು ಹುಡುಗಿಯೊಬ್ಬಳು ಇದೇ ಲೆಕ್ಕದಿಂದ ಹಿಡಿದಿದ್ದೂ ಉಂಟು.

ಆದರೆ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ತಿಂಗಳುಗಳಲ್ಲಿ ಹಿರಿಯರು ಮನೆ ಸೇರುವುದೇ ಕತ್ತಲಾದ ಮೇಲೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ದೊಡ್ಡ ಹುಡುಗಿಯರದು. ಆಗ ಬರಹದ ಹೋಂವರ್ಕ್ ಕೊಡದೆ, ಸಂಜೆ ಶಾಲೆಯಲ್ಲೇ ಕಾಲು ಗಂಟೆ ಅದನ್ನು ಮಾಡಿಸುತ್ತೇನೆ. ಮಾಡದೆ ಬಂದವರಿಗೆ ಶಿಕ್ಷೆ ಯಾವ ಕಾಲದಲ್ಲೂ ಇಲ್ಲ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ ಎಂಬುದು ಒಂದು ಕಾರಣವಾದರೆ, ಬೈಗುಳಕ್ಕೆ ಹೆದರಿದ ಮಗು ಮರುದಿನ ಶಾಲೆಯ ಕಡೆಗೇ ಬರುವುದಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಕಾರಣ.

ಇದಕ್ಕೆ ವಿರೋಧ ಬಂದದ್ದು ಮಕ್ಕಳಿಂದಲ್ಲ, ಪಾಲಕರಿಂದ. ಪಾಲಕರೂ ಇರುವ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಹಿರಿಯರೊಬ್ಬರು, “ಟೀಚರ್, ನಮ್ಮ ಹುಡುಗ ಮನ್ಯಾಗ ಬರಿಯೂದೇ ಕಾಣಲ್ರಿ. ಪ್ಯಾಟಿ ಸಾಲಿ ಹುಡುಗರು ದಿನಾ ಐದೈದು ಪುಟ ಬರೀತಾವು” ಎಂದರು. “ಕಾಕಾ, ಆ ಐದು ಪುಟದಾಗ ತಪ್ಪು ತಿದ್ದಿದ್ದು ಎಲ್ಲೈತಿ ನೋಡ್ರಿ” ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯದಾದ ಮೇಲೆ ಹೆಚ್ಚು ಬರೆಸಿ ಎಂಬ ಒತ್ತಾಯ ಇನ್ನೂ ಬಲವಾಗಿದೆ, ಆ ಆತಂಕ ನನಗೂ ಇದೆ. ಆದರೆ ಹತ್ತನೆಯ ತರಗತಿಯಲ್ಲಿ ಬೀಜಗಣಿತ ಬಾರದ ಎಷ್ಟೋ ಮಕ್ಕಳ ತೊಡಕು ಶುರುವಾದದ್ದು ನಾಲ್ಕನೆಯ ತರಗತಿಯ ಎರವಲಿನಲ್ಲಿ.

ಯಾವ ವಯಸ್ಸಿಗೆ ಎಷ್ಟು ಹೋಂವರ್ಕ್ ಎಂಬ ಪ್ರಶ್ನೆಯಲ್ಲಿ ನನ್ನ ಅನುಭವಕ್ಕೆ ಹೊರಗಿನ ಆಧಾರವೂ ಇದೆ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಹೋಂವರ್ಕ್‌ಗೂ ಕಲಿಕೆಗೂ ಇರುವ ನಂಟು ಏಳನೆಯ ತರಗತಿಯಿಂದ ಮೇಲೆ ಬಲವಾಗಿಯೂ ಅದಕ್ಕಿಂತ ಕೆಳಗೆ ದುರ್ಬಲವಾಗಿಯೂ ಕಂಡಿತ್ತು. ಕೇಂದ್ರದ 2020ರ ಶಾಲಾ ಚೀಲ ನೀತಿಯ ಪ್ರಕಾರವೂ ಎರಡನೆಯ ತರಗತಿಯವರೆಗೆ ಹೋಂವರ್ಕ್ ಇಲ್ಲ; ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಈ ಒಂದು ಗಂಟೆ ಎಲ್ಲ ವಿಷಯಗಳಿಗೂ ಸೇರಿದ್ದು ಎಂಬುದನ್ನು ವಿಷಯ ಶಿಕ್ಷಕರಾದ ನಾವು ಮರೆಯುತ್ತೇವೆ. ಆದ್ದರಿಂದ ಶಿಕ್ಷಕರ ಕೊಠಡಿಯ ಗೋಡೆಗೆ ಒಂದು ಪಟ್ಟಿ ಅಂಟಿಸಿ, ಯಾವ ದಿನ ಯಾವ ವಿಷಯದ ಹೋಂವರ್ಕ್ ಎಂದು ಹಂಚಿಕೊಂಡಿದ್ದೇವೆ.

ಪ್ರಾಜೆಕ್ಟ್‌ಗಳಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಅಂಗಡಿಯಿಂದ ಕೊಂಡ ಚಾರ್ಟ್‌ಗಳು, ಇಂಟರ್‌ನೆಟ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ತೆಗೆಸಿದ ಪ್ರಿಂಟ್‌ಗಳು ಈಗಲೂ ಬರುತ್ತವೆ. ಅವುಗಳನ್ನು ಹಿಡಿದು ನಿಂತ ಮಗುವಿಗೆ ನಾನು ಅದರೊಳಗಿಂದಲೇ ಎರಡು ಪ್ರಶ್ನೆ ಕೇಳಿ, ಬಂದ ಉತ್ತರಕ್ಕಷ್ಟೇ ಅಂಕ ಕೊಡುತ್ತೇನೆ.