ಸಮ್ಮರ್ ಲೀಗ್ ಮುಗಿದ ಮೇಲೆ ಹೊಸ ಹುಡುಗರನ್ನು ಅಳೆಯುವುದು ಹೇಗೆ?

ವಿಕ್ಟರ್ ವೆಂಬನ್ಯಾಮ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಬಂದ ಹೊಸತರಲ್ಲಿ ಏನಾಯಿತು ನೆನಪಿದೆಯಾ? 2023ರ ಜುಲೈ 7, ಲಾಸ್ ವೇಗಸ್‌ನ ಸಮ್ಮರ್ ಲೀಗ್, ಅಂದರೆ ಸೀಸನ್‌ಗೆ ಮುಂಚೆ ಹೊಸ ಹುಡುಗರನ್ನು ಪರೀಕ್ಷಿಸುವ ಟೂರ್ನಿ. ಆ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೊಟ್ಟಮೊದಲು ಆಯ್ಕೆಯಾದ ಫ್ರಾನ್ಸಿನ ಹುಡುಗ, ವಯಸ್ಸು 19. ಎಲ್ಲರ ಕಣ್ಣೂ ಅವನ ಮೇಲೆ. 13 ಶಾಟ್ ಹೊಡೆದ, ಬಿದ್ದಿದ್ದು ಎರಡೇ ಎರಡು. ಒಟ್ಟು 9 ಪಾಯಿಂಟ್. ಇವನಿಗಾ ಇಷ್ಟೆಲ್ಲ ಹೊಗಳಿಕೆ ಅಂತ ಅವತ್ತೇ ಮಾತು ಶುರುವಾಯಿತು. ಎರಡು ದಿನ ಬಿಟ್ಟು ಅದೇ ಹುಡುಗ 27 ಪಾಯಿಂಟ್, 12 ರಿಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯುವುದು) ತೆಗೆದ. ಆ ಸೀಸನ್ ಮುಗಿದಾಗ ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನದೇ, ಮೊದಲ ಸ್ಥಾನದ ಒಂದೇ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ.

ನನಗೆ ಮುಖ್ಯ ಅನ್ನಿಸುವುದು ಎರಡನೇ ಪಂದ್ಯ ಅಲ್ಲ, ಮೊದಲನೆಯದು. ಏನು ಮಾಡಿದರೂ ಬಾಲ್ ಬುಟ್ಟಿಗೆ ಬೀಳದ ಆ ದಿನವೂ ಅವನು 5 ಬ್ಲಾಕ್ ಮಾಡಿದ್ದ, ಅಂದರೆ ಎದುರಾಳಿಯ 5 ಶಾಟ್ ತಡೆದಿದ್ದ, 8 ರಿಬೌಂಡ್ ಹಿಡಿದಿದ್ದ. ಆ ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲೇ ಪಂದ್ಯಕ್ಕೆ ಸರಾಸರಿ ಅತಿ ಹೆಚ್ಚು ಬ್ಲಾಕ್ ಮಾಡಿದವನು ಅವನೇ. ಅಂದರೆ ಮುಂದೆ ಆಗುವುದು ಆ ಮೊದಲ ದಿನವೇ ಕಣ್ಣೆದುರು ಇತ್ತು. ನಾವು ಪಾಯಿಂಟ್ ಎಣಿಸುತ್ತಾ ಕೂತಿದ್ದೆವು, ಅಷ್ಟೇ. ಹಾಗಾದರೆ ಏನನ್ನು ನೋಡಬೇಕು? ನಾನು ಅನುಸರಿಸುವ ಕ್ರಮ ಇಲ್ಲಿದೆ.

ಮೊದಲು ಟೂರ್ನಿಯನ್ನು ಅರ್ಥ ಮಾಡಿಕೊಳ್ಳಿ

ವೇಗಸ್‌ನ ಸಮ್ಮರ್ ಲೀಗ್ 2004ರಲ್ಲಿ 6 ತಂಡಗಳಿಂದ ಶುರುವಾಯಿತು. ಈಗ 30 ತಂಡಗಳೂ ಬರುತ್ತವೆ, ಒಂದೊಂದಕ್ಕೂ ಕನಿಷ್ಠ 5 ಪಂದ್ಯ. ಎನ್‌ಬಿಎ ಪಂದ್ಯ 48 ನಿಮಿಷದ್ದಾದರೆ ಇದು 40 ನಿಮಿಷದ್ದು. ಅಲ್ಲಿ 6 ಫೌಲ್ ಆದರೆ ಆಟಗಾರ ಹೊರಗೆ, ಇಲ್ಲಿ 10 ಫೌಲ್‌ವರೆಗೆ ಅವಕಾಶ. ಹಾಗಾಗಿ ಹುಡುಗರು ಹೆದರದೆ ಮೈಮೇಲೆ ಬೀಳುತ್ತಾರೆ, ಆಟ ಒರಟಾಗುತ್ತದೆ.

ತಂಡದಲ್ಲಿ ಇರುವವರು ಯಾರು ಅನ್ನುವುದು ಇನ್ನೂ ಮುಖ್ಯ. ಆ ವರ್ಷದ ಡ್ರಾಫ್ಟ್‌ನಲ್ಲಿ ಬಂದವರು, ಎರಡನೇ ವರ್ಷದವರು, ಡ್ರಾಫ್ಟ್‌ನಲ್ಲಿ ಯಾರೂ ಕರೆಯದವರು, ಎನ್‌ಬಿಎಯ ಕೆಳ ಹಂತದ ಜಿ ಲೀಗ್‌ನವರು, ಯುರೋಪಿನ ಕ್ಲಬ್‌ಗಳಲ್ಲಿ ಆಡಿ ಇನ್ನೊಂದು ಅವಕಾಶಕ್ಕೆ ಬಂದವರು. ಒಟ್ಟಿಗೆ ಅಭ್ಯಾಸ ಮಾಡಿರುವುದು ಕೆಲವೇ ದಿನ. ಪಕ್ಕದವನು ಯಾವ ಕಡೆ ಓಡುತ್ತಾನೆ ಅಂತ ಗೊತ್ತಿಲ್ಲ. ಜೊತೆಗೆ ಎಲ್ಲರಿಗೂ ಕೆಲಸ ಬೇಕು, ಎಲ್ಲರೂ ಕಣ್ಣಿಗೆ ಬೀಳಬೇಕು. ಇಂಥ ಕಡೆ ಒಬ್ಬ 25 ಪಾಯಿಂಟ್ ಹೊಡೆದರೆ ಆ 25ಕ್ಕೆ ಎನ್‌ಬಿಎಯಲ್ಲಿ ಇರುವ ಬೆಲೆ ಇರುವುದಿಲ್ಲ.

2012ರಲ್ಲಿ ಈ ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಿದರು. ಒಬ್ಬ ಡೇಮಿಯನ್ ಲಿಲಾರ್ಡ್, ಇನ್ನೊಬ್ಬ ಜೋಶ್ ಸೆಲ್ಬಿ. ಲಿಲಾರ್ಡ್ ಮುಂದೆ ಎನ್‌ಬಿಎಯ ದೊಡ್ಡ ಸ್ಟಾರ್ ಆದ. ಸೆಲ್ಬಿ ಎನ್‌ಬಿಎಯಲ್ಲಿ ಆಡಿದ್ದು ಒಟ್ಟು 38 ಪಂದ್ಯ.

ಹೆಸರಿನ ಪಕ್ಕ ವಯಸ್ಸು ಬರೆದುಕೊಳ್ಳಿ

19ರ ಹುಡುಗ ತಡವರಿಸುವುದು ಸಹಜ. 23ರವನು ಅದೇ ತಪ್ಪು ಮಾಡಿದರೆ ಯೋಚಿಸಬೇಕಾದ ವಿಷಯ. ಎರಡನೇ ವರ್ಷದವನಾದರೆ ಅವನು ಇಲ್ಲಿ ಎದ್ದು ಕಾಣಲೇಬೇಕು, ಕಾಣದಿದ್ದರೆ ಅದೇ ಸುದ್ದಿ.

ಶಾಟ್ ಬಿತ್ತಾ ಅಂತಲ್ಲ, ಹೇಗೆ ಬಿಟ್ಟ ಅಂತ ನೋಡಿ

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಪಂದ್ಯಕ್ಕೆ 5ರಂತೆ 5 ಪಂದ್ಯದಲ್ಲಿ 25 ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಬಿಡುವ, ಬಿದ್ದರೆ ಮೂರು ಪಾಯಿಂಟ್ ಸಿಗುವ ಶಾಟ್. ನೂರಕ್ಕೆ 36 ಹಾಕುವ ಒಳ್ಳೆಯ ಶೂಟರ್ ಆದರೆ 9 ಬೀಳಬೇಕು. ಆದರೆ ಇಷ್ಟು ಸಣ್ಣ ಲೆಕ್ಕದಲ್ಲಿ 6 ಬೀಳುವುದೂ ಉಂಟು, 12 ಬೀಳುವುದೂ ಉಂಟು. ಕೈ ಅದೇ, ಹುಡುಗನೂ ಅವನೇ. ಆರು ಬಿದ್ದರೆ ಇವನಿಗೆ ಶಾಟ್ ಬರಲ್ಲ ಅಂತೀವಿ, ಹನ್ನೆರಡು ಬಿದ್ದರೆ ತಲೆ ಮೇಲೆ ಹೊತ್ತು ಮೆರೆಸುತ್ತೀವಿ. ಟ್ರೇ ಯಂಗ್ 2018ರಲ್ಲಿ ಸಾಲ್ಟ್ ಲೇಕ್ ಸಿಟಿಯ ಸಮ್ಮರ್ ಲೀಗ್‌ನ ತನ್ನ ಮೊದಲ ಪಂದ್ಯದಲ್ಲಿ 20 ಶಾಟ್‌ಗೆ 4 ಹಾಕಿದ್ದ. 2020ರಲ್ಲಿ ಲೀಗ್‌ನ ಸ್ಟಾರ್‌ಗಳಷ್ಟೇ ಆಡುವ ಆಲ್-ಸ್ಟಾರ್ ಪಂದ್ಯದ ಹೊತ್ತಿಗೆ ಅವನು ತಂಡದ ಮೊದಲ ಐವರಲ್ಲಿ ಒಬ್ಬ.

ಇನ್ನೊಂದು ವಿಷಯ ಗಮನದಲ್ಲಿರಲಿ. ಅಮೆರಿಕದ ಕಾಲೇಜು ಆಟದಲ್ಲಿ ತ್ರೀ ಪಾಯಿಂಟ್ ಗೆರೆ 6.75 ಮೀಟರ್ ದೂರ, ಎನ್‌ಬಿಎಯಲ್ಲಿ ನೇರಕ್ಕೆ 7.24 ಮೀಟರ್. ಹುಡುಗನ ಕಾಲಿಗೆ, ಉಸಿರಿಗೆ ಈ ಅರ್ಧ ಮೀಟರ್ ಜಾಸ್ತಿಯೇ. ಅದಕ್ಕೇ ನಾನು ಪಾದ ನೋಡುತ್ತೇನೆ. ಬಾಲ್ ಕೈಗೆ ಬರುವ ಮೊದಲೇ ಪಾದ ಸಿದ್ಧವಾಗಿವೆಯಾ? ಮೂರನೇ ಕ್ವಾರ್ಟರ್‌ನಲ್ಲಿ ಸುಸ್ತಾದಾಗಲೂ ಮೊದಲಿನಷ್ಟೇ ಜಿಗಿಯುತ್ತಾನಾ? ಎರಡು ಶಾಟ್ ತಪ್ಪಿದ ಮೇಲೆ ಮೂರನೆಯದನ್ನು ಅಳುಕದೆ ಬಿಡುತ್ತಾನಾ? ಕೊನೆಯಲ್ಲಿ, ಫೌಲ್ ಆದಾಗ ಸಿಗುವ ಫ್ರೀ ಥ್ರೋ. ಅಲ್ಲಿ ಯಾರೂ ಅಡ್ಡ ಬರುವುದಿಲ್ಲ, ಅದಕ್ಕೆ ಕೈಯ ಗುಣ ಅಲ್ಲಿ ಬೇಗ ತಿಳಿಯುತ್ತದೆ. ಕಾಲೇಜಿನ ಫ್ರೀ ಥ್ರೋ ಲೆಕ್ಕವನ್ನೂ ಸೇರಿಸಿಕೊಂಡು ನೋಡಿ.

ಹತ್ತು ನಿಮಿಷ ಬಾಲ್ ಮರೆತುಬಿಡಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ನೀವು ನೆನಪಿಡಬೇಕಾದ್ದು ಇದೊಂದೇ. ಜುಲೈನಲ್ಲಿ ಬಾಲ್ ಇವನ ಕೈಯಲ್ಲಿ ಇರುತ್ತದೆ, ಯಾಕೆಂದರೆ ತಂಡ ಇವನನ್ನು ಪರೀಕ್ಷೆ ಮಾಡುತ್ತಿದೆ. ಅಕ್ಟೋಬರ್‌ನಲ್ಲಿ ಬಾಲ್ ಹಿಡಿಯುವ ಸ್ಟಾರ್ ಬೇರೆ ಇರುತ್ತಾನೆ, ಇವನು ಮೂಲೆಯಲ್ಲಿ ನಿಂತು ಕಾಯಬೇಕು. ಅಲ್ಲಿ ಏನು ಮಾಡುತ್ತಾನೆ ಅನ್ನುವುದರ ಮೇಲೆ ಅವನ ಕೆಲಸ ನಿಂತಿದೆ.

ಒಂದು ಕ್ವಾರ್ಟರ್ ಪೂರ್ತಿ, ಅಂದರೆ ಹತ್ತು ನಿಮಿಷ, ಒಬ್ಬನನ್ನೇ ನೋಡಿ. ವೇಗಸ್‌ನ ಸಂಜೆ 7ರ ಪಂದ್ಯ ನಮಗೆ ಮರುದಿನ ಬೆಳಗ್ಗೆ 7.30ಕ್ಕೆ ಬರುತ್ತದೆ, ನಾನು ಕಾಫಿ ಹಿಡಿದು ಮಗಳ ಹಳೇ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆದುಕೊಂಡು ಕೂರುತ್ತೇನೆ. ಒಂದಕ್ಕೆ 'ಹೋದ', ಇನ್ನೊಂದಕ್ಕೆ 'ನಿಂತ' ಅಂತ ಹೆಸರು. ಎದುರಾಳಿ ಇನ್ನೊಂದು ಬದಿಯಿಂದ ಬುಟ್ಟಿ ಕಡೆ ನುಗ್ಗಿದ. ನಮ್ಮ ಹುಡುಗ ಮೂಲೆಯಲ್ಲಿರುವ ತನ್ನವನನ್ನು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದನಾ? ಪಾಸ್ ಮೂಲೆಗೆ ಹೋದ ಕೂಡಲೇ ವಾಪಸ್ ಓಡಿದನಾ? ಹತ್ತಿರ ಬಂದಾಗ ಸಣ್ಣ ಸಣ್ಣ ಹೆಜ್ಜೆ ಹಾಕಿ, ಕೈ ಮೇಲೆತ್ತಿ, ಮೈ ತಡೆದನಾ, ಅಥವಾ ಹಾರಿ ಅವನನ್ನು ದಾಟಿಬಿಟ್ಟನಾ? ಸರಿಯಾಗಿ ಮಾಡಿದರೆ 'ಹೋದ' ಕೆಳಗೆ ಒಂದು ಗೀಟು, ಇಲ್ಲದಿದ್ದರೆ 'ನಿಂತ' ಕೆಳಗೆ. ಬಾಲ್ ಕಳೆದುಕೊಂಡ ಮೇಲೆ ರೆಫ್ರಿ ಕಡೆ ತಿರುಗಿ ಕೈ ಚಾಚಿದರೆ ಅದೂ 'ನಿಂತ'. ಒಂದು ಪಂದ್ಯದಿಂದ ಏನೂ ಗೊತ್ತಾಗುವುದಿಲ್ಲ. ನಾಲ್ಕು ಪಂದ್ಯ ಆದಾಗ ಯಾವ ಕಾಲಂ ಉದ್ದವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಟರ್ನೋವರ್‌ಗಳಲ್ಲೂ, ಅಂದರೆ ಬಾಲ್ ಕಳೆದುಕೊಳ್ಳುವುದರಲ್ಲೂ, ಎರಡು ಜಾತಿ. ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಪಾಸ್ ಕೊಟ್ಟ, ಹಿಡಿಯಬೇಕಾದವನು ತಯಾರಿರಲಿಲ್ಲ, ಬಾಲ್ ಹೊರಗೆ ಹೋಯಿತು. ಇದನ್ನು ತಪ್ಪು ಅಂತ ಬರೆದುಕೊಳ್ಳಬೇಡಿ, ಇಂಥ ಪಾಸ್ ಕಾಣುವ ಕಣ್ಣು ಇರುವವರು ಕಡಿಮೆ. ಮೂವರ ನಡುವೆ ತಲೆ ತಗ್ಗಿಸಿ ಡ್ರಿಬಲ್ ಮಾಡಿ ಕಳೆದುಕೊಂಡರೆ ಅದು ಬೇರೆ ಮಾತು. ಐದನೇ ಪಂದ್ಯದಲ್ಲೂ ಹಾಗೇ ಮಾಡಿದರೆ ಗುರುತು ಹಾಕಿಕೊಳ್ಳಿ.

ಎದುರಿಗೆ ಯಾರಿದ್ದರು?

2010ರಲ್ಲಿ ಹಾರ್ವರ್ಡ್‌ನಲ್ಲಿ ಓದಿದ ಜೆರೆಮಿ ಲಿನ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಡಲ್ಲಾಸ್ ತಂಡದ ಜೊತೆ ವೇಗಸ್‌ಗೆ ಹೋದ. ಅಲ್ಲಿ ಅವನ ಎದುರು ಸಿಕ್ಕಿದ್ದು ಆ ವರ್ಷ ಮೊದಲು ಆಯ್ಕೆಯಾದ ಜಾನ್ ವಾಲ್. ಆ ಮಟ್ಟದ ಆಟಗಾರನ ಮುಂದೆ ಲಿನ್ ಸರಿಸಮ ನಿಂತ, ಗೋಲ್ಡನ್ ಸ್ಟೇಟ್ ತಂಡ ಅವನಿಗೆ ಕಾಂಟ್ರ್ಯಾಕ್ಟ್ ಕೊಟ್ಟಿತು. 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅವನು ಆಡಿದ್ದು ಊರೆಲ್ಲ ಮಾತಾಯಿತು. ಹತ್ತು ದುರ್ಬಲ ಎದುರಾಳಿಗಳ ಮೇಲೆ ಹೊಡೆದ ಪಾಯಿಂಟ್‌ಗಿಂತ, ತನಗಿಂತ ಬಲಶಾಲಿಯ ಎದುರು ಆಡಿದ ಹತ್ತು ನಿಮಿಷ ಜಾಸ್ತಿ ಹೇಳುತ್ತದೆ.

ನಮ್ಮ ಹುಡುಗರ ಬಗ್ಗೆಯೂ ಒಂದು ಮಾತು. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡ್ರಾಫ್ಟ್ ಆಗಿ ಡಲ್ಲಾಸ್ ಪರ ಸಮ್ಮರ್ ಲೀಗ್ ಆಡಿದ. 2021ರಲ್ಲಿ ಈ ಟೂರ್ನಿ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿ ಪ್ರಿನ್ಸ್‌ಪಾಲ್ ಸಿಂಗ್ ಇದ್ದ. ಅವರಿಗೆ ಆಡಲು ಸಿಕ್ಕ ನಿಮಿಷಗಳು ತೀರಾ ಕಡಿಮೆ. ಅಷ್ಟರಲ್ಲಿ ಯಾರನ್ನೂ ಅಳೆಯಲು ಬರುವುದಿಲ್ಲ, ದಯವಿಟ್ಟು ಅಳೆಯಬೇಡಿ.

ಮೂರು ಸಾಲು ಬರೆದು ಪುಸ್ತಕ ಮುಚ್ಚಿ

ಪ್ರತಿ ಹುಡುಗನಿಗೆ ಮೂರೇ ಸಾಲು. ಶಾಟ್ ಬೀಳದ ದಿನವೂ ಅವನು ಏನು ಮಾಡಿದ? ಮೊದಲ ಪಂದ್ಯಕ್ಕೂ ಕೊನೆಯದಕ್ಕೂ ಏನು ಬದಲಾಯಿತು? ಇನ್ನೂ ಉತ್ತರ ಸಿಗದ ಪ್ರಶ್ನೆ ಯಾವುದು? ಪಾಯಿಂಟ್ ಸರಾಸರಿ ಬರೆಯಬೇಡಿ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗಿ 20 ಪಂದ್ಯ ಆದ ಮೇಲೆ ಪುಸ್ತಕ ತೆಗೆದು, ಮೂರನೇ ಸಾಲಿನಿಂದ ಓದಲು ಶುರು ಮಾಡಿ.